ಜೋಡಿ ಕರಡಿಗೆ

ಮೊನ್ನೆ ಮಧ್ಯಾಹ್ನ ಮಗಳು ಮೊಬೈಲಿಗೆ ಕೆಲವು ಚಿತ್ರ ಕಳಿಸಿದ್ದಳು. ಎಲ್ಲವೂ ಹಳೆಯ ಕಾಲದ ಪರದೇಶದ ಗಡಿಯಾರಗಳು. ಮುಂಗೈಗೆ ಕಟ್ಟುವಂಥವಲ್ಲ, ಕೊರಳಿಗೆ ತೂಗುಬಿಡುವಂಥವು. ಒಂದು ಶಿಲುಬೆಯ ಆಕಾರದ್ದು. ಒಂದು ಪುಟ್ಟ ಧರ್ಮಗ್ರಂಥದ ಹಾಗಿತ್ತು. ಕೊಂಡಿ ಬಿಚ್ಚಿದರೆ ಪುಟ ತೆರೆದಂತೆ ತೆರೆದು ಒಳಗೆ ಮುಳ್ಳುಗಳು ಕಾಣುತ್ತಿದ್ದವು. ಇನ್ನೊಂದು ಬೆಳ್ಳಿಯ ತಲೆಬುರುಡೆ. ಅದರ ದವಡೆ ಇಳಿಸಿದರೆ ಬಾಯೊಳಗೆ ಗಂಟೆಯ ಅಂಕಿಗಳು. ಸನ್ಯಾಸಿನಿಯರೂ ಪಾದ್ರಿಗಳೂ ಇವನ್ನು ಎದೆಯ ಮೇಲೆ ಧರಿಸುತ್ತಿದ್ದರಂತೆ. ‘ಅಪ್ಪಾ, ನಿಮಗ ಸೇರತಾವಂತ ಕಳಸೀನಿ, ಕೆತ್ತನಿ ನೋಡ್ರಿ’ ಎಂದು ಮಗಳು ಕೆಳಗೆ ಬರೆದಿದ್ದಳು.

ಅವಳ ಮಾತು ಸುಳ್ಳಲ್ಲ. ದುಡಿಯುವ ಕಾಲವನ್ನೆಲ್ಲ ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರನಾಗಿ ಕಳೆದವನು ನಾನು. ಮಕ್ಕಳು ಕಮಲ ಬರೆಯಿರಿ ಎಂದರೆ ಕೋಸುಗಡ್ಡೆ ಬರೆಯುತ್ತಿದ್ದರು. ಮಾವಿನಕಾಯಿ ಬರೆಯಿರಿ ಎಂದರೆ ಹೆಡ್ಮಾಸ್ತರರ ತಲೆ ಬರೆಯುತ್ತಿದ್ದರು. ಆ ಕೋಸುಗಡ್ಡೆಗಳ ನಡುವೆ ಬದುಕಿದವನಿಗೆ ಒಂದು ಒಳ್ಳೆಯ ಬಳ್ಳಿಯ ಗೆರೆ ಕಂಡರೆ ಊಟ ಬೇಕಾಗುವುದಿಲ್ಲ. ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಶಿಲುಬೆಯ ಮೂಲೆಮೂಲೆಗೂ ಮುಳ್ಳಿನ ಎಲೆ, ಅಂಚಿಗೆ ಸಾಸಿವೆಯಷ್ಟು ಸಣ್ಣ ಮಣಿಗಳ ಸಾಲು. ನೋಡಿದೆ, ನೋಡಿದೆ, ಆಮೇಲೆ ಮೊಬೈಲನ್ನು ಬೋರಲು ಹಾಕಿಬಿಟ್ಟೆ.

ಹೆಂಡತಿ ಅವರೆಕಾಳು ಬಿಡಿಸುತ್ತ ಕೂತಿದ್ದವಳು ತಲೆ ಎತ್ತಿದಳು. ಈಚೆಗೆ ನಮ್ಮ ವಯಸ್ಸಿನವರ ಮನೆಗಳಲ್ಲಿ ಮೊಬೈಲ್ ಬೋರಲು ಬಿತ್ತೆಂದರೆ ಯಾರೋ ತೀರಿಕೊಂಡರು ಎಂದೇ ಅರ್ಥ.

‘ಯಾರು ಹೋದ್ರು?’

‘ಯಾರೂ ಇಲ್ಲ. ಗಡಿಯಾರ.’

‘ಗಡಿಯಾರಕ್ಕ ಹಿಂಗ್ಯಾಕ ಮುಖ ಮಾಡೀರಿ?’ ಎಂದವಳು ತಾನೇ ಮೊಬೈಲ್ ತಿರುವಿ ನೋಡಿದಳು. ‘ಗುರುಪಾದಪ್ಪನೋರದು ನೆನಪಾತೇನು?’ ಎಂದಳು. ನಾನು ಹೂಂ ಎಂದೆ. ಅವಳು ಮತ್ತೆ ಕಾಳಿಗೆ ಹೋದಳು. ನನಗೆ ಚಿತ್ರಗಳಿಗೆ ಮರಳಿ ಹೋಗಲಾಗಲಿಲ್ಲ.

ಗುರುಪಾದಪ್ಪ ಶಹಾಬಾದದಲ್ಲಿ ನಮ್ಮ ಓಣಿಯವರು, ನನಗಿಂತ ಸ್ವಲ್ಪ ಹಿರಿಯರು. ಕಲ್ಲು ಮಾರುವ ಅಡ್ಡೆ ಇಟ್ಟಿದ್ದರು. ನಮ್ಮ ಕಡೆ ನೆಲ ಅಗೆದರೆ ಮಣ್ಣಿಗಿಂತ ಮೊದಲು ಕಲ್ಲು ಸಿಗುತ್ತದೆ. ಹಪ್ಪಳದ ಹಾಗೆ ಪದರು ಪದರಾಗಿ ಏಳುವ ಆ ಕಲ್ಲಿಗೆ ಪರ್ಶಿ ಅನ್ನುತ್ತಾರೆ. ನಮ್ಮ ಮನೆಯ ನೆಲ ಪರ್ಶಿ, ಗೋಡೆ ಪರ್ಶಿ, ಮಾಳಿಗೆಯೂ ಪರ್ಶಿ. ಬೇಸಿಗೆಯಲ್ಲಿ ಅಂಗಾತ ಮಲಗಿದರೆ ರೊಟ್ಟಿಗೆ ಹಂಚಿನ ಕಷ್ಟ ಏನೆಂದು ತಿಳಿಯುತ್ತದೆ. ಚಿಕ್ಕವನಿದ್ದಾಗ ನನಗೆ ಗಡಿಯಾರದ ಅಗತ್ಯವೇ ಇರಲಿಲ್ಲ. ಕಾರ್ಖಾನೆಯ ಭೋಂಗಾ ಕೂಗಿದರೆ ಏಳುವುದು, ಗಣಿಯಲ್ಲಿ ಸಿಡಿಮದ್ದು ಹಾರಿಸಿ ಪಾತ್ರೆಗಳು ಅದುರಿದರೆ ಊಟಕ್ಕೆ ಕೂರುವುದು. ನಿವೃತ್ತಿಯ ದಿನ ಶಾಲೆಯವರು ಒಂದು ಕೈಗಡಿಯಾರ ಕೊಟ್ಟರು. ಅದು ಕೂಡಲೇ ನನ್ನ ಸ್ವಭಾವವನ್ನು ಕಲಿತುಕೊಂಡು ಹಿಂದೆ ಬೀಳತೊಡಗಿತು.

ಗುರುಪಾದಪ್ಪ ಹಾಗಲ್ಲ. ಅವರಿಗೆ ಗಡಿಯಾರ ಬೇಕು. ಅದೂ ಮುಂಗೈಯಲ್ಲಲ್ಲ, ಎದೆಯ ಮೇಲೆ. ಅಂಗಿಯ ಒಳಗೆ ಶಿವದಾರದಲ್ಲಿ ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆ. ಅಂಗಿಯ ಹೊರಗೆ ಇನ್ನೊಂದು ದಾರದಲ್ಲಿ ಅದೇ ಆಕಾರದ, ಅದೇ ಕೆತ್ತನೆಯ ಇನ್ನೊಂದು ಕರಡಿಗೆ. ಹೊರಗಿನದರ ಮುಚ್ಚಳ ತೆಗೆದರೆ ಹಾಲಿನಂಥ ಬಿಳಿ ತಟ್ಟೆ, ಕಪ್ಪು ಅಂಕಿ, ನೀಲಿ ಮುಳ್ಳು, ಟಿಕ್ ಟಿಕ್. ಊರವರು ಚಾಷ್ಟಿ ಮಾಡದೆ ಬಿಡುವುದುಂಟೆ?

‘ಗುರುಪಾದಪ್ಪನೋರೆ, ಇವತ್ತ ಯಾವುದಕ್ಕ ನೀರ ಹಾಕಿದ್ರಿ?’

‘ಒಳಗಿಂದಕ್ಕ ನಾ ನೋಡತೀನಿ, ಹೊರಗಿಂದು ನನ್ನ ನೋಡತದ. ನಿನಗ ಎರಡೂ ಇಲ್ಲ, ಸುಮ್ಮ ಕುಂದ್ರು’ ಎನ್ನುತ್ತಿದ್ದರು.

ಈ ಜೋಡಿಯ ಕಥೆಯನ್ನು ಅವರ ಬಾಯಿಂದ ಎಷ್ಟು ಸಲ ಕೇಳಿದ್ದೇನೋ. ಅವರ ಅಜ್ಜ ನಿಜಾಮನ ಕಾಲದಲ್ಲಿ ವಾಡಿ ಜಂಕ್ಷನ್ನಿನಲ್ಲಿ ದೀಪ ಹಚ್ಚುವ ಕೆಲಸಕ್ಕಿದ್ದರಂತೆ. ಒಂದು ಸಲ ರೈಲಿನಿಂದ ಬಿಳಿಯ ಸನ್ಯಾಸಿನಿಯೊಬ್ಬಳು ಇಳಿದು ಕುಡಿಯಲು ನೀರು ಕೇಳಿದಳು. ನೀರು ಕುಡಿದು ಎದೆಯ ಮೇಲಿನ ಶಿಲುಬೆಯನ್ನು ಎತ್ತಿ ಮುಚ್ಚಳ ತೆಗೆದು ವೇಳೆ ನೋಡಿದಳು. ಅಜ್ಜನಿಗೆ ಅಂದಿನಿಂದ ನಿದ್ದೆ ಇಲ್ಲ. ‘ಅವರ ದೇವರು ವ್ಯಾಳ್ಯಾ ಹೇಳತಾನ, ನಮ್ಮಾವ ಹೇಳಬಾರದೇನು?’ ಎನ್ನುವುದೊಂದೇ ಜಪ. ಕೊನೆಗೆ ಯಾರದೋ ಒಡೆದ ಗಡಿಯಾರದ ಒಳಯಂತ್ರ ಗಿಟ್ಟಿಸಿಕೊಂಡು, ಕುಂಚಾವರಂ ಕಡೆಯಿಂದ ಬಂದು ಚಿತ್ತಾಪುರದಲ್ಲಿ ನೆಲೆಸಿದ್ದ ಬೆಳ್ಳಿ ಕೆಲಸದ ಪತ್ತಾರನೊಬ್ಬನ ಬಳಿ ಹೋದರು. ಕರಡಿಗೆಯಂಥ ಮನೆ ಮಾಡು, ಇದನ್ನು ಒಳಗೆ ಕೂಡಿಸು ಎಂದರು.

ಪತ್ತಾರ ಯಂತ್ರ ನೋಡಿದ. ಅಜ್ಜನ ಕೊರಳಲ್ಲಿದ್ದ ಬಟ್ಟೆಯ ಗಂಟು ನೋಡಿದ. ಅದರಲ್ಲಿ ಲಿಂಗ ಕಟ್ಟಿಕೊಂಡಿದ್ದರು. ‘ಅಯ್ಯೋ ಸಾಮಿ, ಘಡಿಗೆ ಬೆಳ್ಳಿ ಮನಿ, ಲಿಂಗಕ್ಕ ಅರಿವಿ ಗಂಟು. ಇದು ನನ್ನ ಕೈಲೆ ಆಗಂಗಿಲ್ಲ. ಮಾಡಿದ್ರ ಎರಡೂ ಮಾಡ್ತೀನಿ. ಒಂದು ಹೆಚ್ಚು, ಒಂದು ಕಮ್ಮಿ ಇರಬಾರದು. ಎರಡರಾಗ ಫರಕ್ ಕಂಡ್ರ ನನ್ನ ಕೈ ಕಡಿ’ ಎಂದನಂತೆ.

ಹಾಗೆ ಹುಟ್ಟಿದ ಜೋಡಿ ಅದು. ನಮ್ಮಲ್ಲಿ ಮನುಷ್ಯ ಹೋದಾಗ ಲಿಂಗವನ್ನು ಕರಡಿಗೆಯಿಂದ ತೆಗೆದು ಅವನ ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಲಿಂಗ ಅವನ ಸಂಗಡ ಹೋಗುತ್ತದೆ, ಬೆಳ್ಳಿ ಮನೆಯಲ್ಲಿ ಉಳಿಯುತ್ತದೆ. ಅಜ್ಜ ಹೋದರು, ಅಪ್ಪ ಹೋದರು. ಜೋಡಿ ಕರಡಿಗೆ ಮಾತ್ರ ಗುರುಪಾದಪ್ಪನವರ ಎದೆಗೆ ಬಂದು ಕೂತಿತು.

ಒಂದು ಬೇಸಿಗೆ ರಜೆಯಲ್ಲಿ ಆ ಕೆತ್ತನೆಯ ಚಿತ್ರ ತೆಗೆಯುತ್ತೇನೆಂದು ಹೋಗಿದ್ದೆ. ಗಡಿಯಾರವನ್ನು ಮೇಜಿನ ಮೇಲೆ ಇಟ್ಟರು. ಲಿಂಗದ ಕರಡಿಗೆಯನ್ನು ಮೇಜಿಗೆ ಇಳಿಸಲಿಲ್ಲ. ಮುಚ್ಚಿದ ಹಾಗೆಯೇ ತಮ್ಮ ಅಂಗೈಯಲ್ಲಿ ಹಿಡಿದು ನನ್ನೆದುರು ಕೂತರು. ಕೈ ನೋಯುವವರೆಗೂ ಕೂತರು. ನಾನು ಇದರ ಗೆರೆ ನೋಡುವುದು, ಅದರ ಗೆರೆ ನೋಡುವುದು. ಮುಚ್ಚಳದ ನಡುವೆ ಅರಳಿದ ಕಮಲ. ಎಸಳು ಎಸಳಿನ ನಡುವೆ ಬಿಲ್ವದ ಮೂರೆಲೆ. ಪ್ರತಿ ಎಲೆಯಲ್ಲೂ ನಡುನರ ಮಾತ್ರವಲ್ಲ, ಅಡ್ಡನರಗಳೂ ಇದ್ದವು. ಅಂಚಿಗೆ ಗೆಜ್ಜೆಯ ಸಾಲು. ಕೆಳಗೆ ಗೋದಿಕಾಳಿನಷ್ಟು ನಂದಿ, ಮಡಚಿದ ಮೊಣಕಾಲು ಕೂಡ ಕಾಣುತ್ತಿತ್ತು. ನೆತ್ತಿಯಲ್ಲಿ ದಾರ ಪೋಣಿಸುವ ಉಂಗುರವನ್ನು ಒಂದು ಹಾವು ಸುತ್ತಿಕೊಂಡು, ಹೆಡೆಯನ್ನು ಪುಟ್ಟ ಗುಬ್ಬಿಯ, ಅಂದರೆ ಗುಂಡನೆಯ ತಿರುಪಿನ, ಮೇಲೆ ಚಾಚಿತ್ತು. ಗಡಿಯಾರದಲ್ಲಿ ಆ ಗುಬ್ಬಿ ತಿರುಗಿಸಿ ಕೀಲಿ ಕೊಡಬೇಕು. ಲಿಂಗದ ಕರಡಿಗೆಯಲ್ಲಿ ಅದರಿಂದ ಏನೂ ಕೆಲಸವಿಲ್ಲ. ಆದರೂ ಪತ್ತಾರ ಅಲ್ಲಿಯೂ ಒಂದು ಗುಬ್ಬಿ ಮಾಡಿ ಬೆಸೆದಿದ್ದ.

‘ಫರಕ್ ಸಿಕ್ಕತೇನ್ರಿ ಮಾಸ್ತರ?’

‘ಇಲ್ರಿ.’

‘ಉಳೀತು ಬಿಡ್ರಿ ಪತ್ತಾರನ ಕೈ!’ ಎಂದು ನಕ್ಕರು. ಇಂಥ ಕೈ ಇನ್ನು ಹುಟ್ಟುವುದಿಲ್ಲ ಎಂದು ನಾನು ಹೊಗಳಿದ್ದೆ. ಒಳಗಿನಿಂದ ಅವರ ಹೆಂಡತಿ ಮಾದೇವಿ ವೈನಿ ಚಹಾ ತಂದವರು, ‘ಅವಕ್ಕೇನ್ರಿ, ಹಂಗ ಜೋಡಿ ಅದಾವ. ನಾವ ಗಂಡ ಹೆಂಡ್ತಿ ಇಷ್ಟ ವರ್ಷ ಆದ್ರೂ ಒಂದs ಒಂದು ಗೆರಿ ಕೂಡಿ ಬಂದಿಲ್ಲ’ ಎಂದಿದ್ದರು. ಮೂವರೂ ನಕ್ಕಿದ್ದೆವು.

ಕೊರೋನಾದ ಎರಡನೆಯ ಸುತ್ತಿನಲ್ಲಿ ಗುರುಪಾದಪ್ಪ ಹೋದರು. ಕಲಬುರಗಿಯ ಆಸ್ಪತ್ರೆಗೆ ಸೇರಿಸಿದ್ದಷ್ಟೇ. ಮುಖ ಮತ್ತೆ ಕಾಣಲಿಲ್ಲ. ಒಬ್ಬನೇ ಮಗ ಶರಣು. ಅವನೂ ಜ್ವರದಿಂದ ಮನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದ. ಹಾಗಾಗಿ ಮಣ್ಣಿಗೆ ಹೋದವರು ವೈನಿ, ನಾನು, ಮತ್ತು ದೂರದಲ್ಲಿ ಬೇವಿನ ಮರದ ಕೆಳಗೆ ನಿಂತು ಮಂತ್ರ ಹೇಳಿದ ಅಯ್ಯನವರು. ಊರಾಚೆ ಈ ರೋಗದಿಂದ ಹೋದವರಿಗೆಂದು ಬಿಟ್ಟ ಜಾಗದಲ್ಲಿ ಯಂತ್ರದಿಂದ ಸಾಲಾಗಿ ಕುಣಿ ತೋಡಿದ್ದರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಅವತ್ತು ಕೂರಿಸುವವರಾರು? ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದರು, ಮಲಗಿಸಿಯೇ ಇಳಿಸಿದರು.

ಬಿಳಿ ಉಡುಪಿನವನೊಬ್ಬ ಬಂದು ದೂರ ನಿಂತ. ಕಣ್ಣು ಮಾತ್ರ ಕಾಣುತ್ತಿತ್ತು, ಅದೂ ಬೆವರಿನಲ್ಲಿ. ‘ಅವ್ವಾರ, ಒಳಗ ಇಡೋದು ಏನರ ಅದೇನ್ರಿ? ಜಲ್ದಿ ಕೊಡ್ರಿ. ಇನ್ನಾ ಭಾಳ ಮಂದಿ ಅದಾರ.’

ಆಸ್ಪತ್ರೆಯವರು ಗುರುಪಾದಪ್ಪನವರ ಮೈಮೇಲಿನದನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಕಳಿಸಿದ್ದರು. ವೈನಿ ಚೀಲಕ್ಕೆ ಕೈ ಹಾಕಿದರು. ಎರಡೂ ಕರಡಿಗೆಗಳು ಒಂದೇ ಥರದ ದಾರ ಒಂದಕ್ಕೊಂದು ಸುತ್ತಿಕೊಂಡು ಬಂದವು. ಇಷ್ಟು ಕಾಲ ಅವನ್ನು ಬೇರೆ ಮಾಡಿದ್ದು ಒಂದು ಅಂಗಿ ಮಾತ್ರ, ಒಳಗಿನದು ಲಿಂಗ, ಹೊರಗಿನದು ಗಡಿಯಾರ. ಈಗ ಅಂಗಿಯೇ ಇರಲಿಲ್ಲ. ವೈನಿ ಒಂದನ್ನು ಕಿವಿಗೆ ಹಿಡಿದರು, ಇನ್ನೊಂದನ್ನು ಹಿಡಿದರು. ಆಸ್ಪತ್ರೆಯಲ್ಲಿ ಕೀಲಿ ಕೊಡುವವರು ಯಾರಿದ್ದರು? ಎರಡೂ ಮೌನ.

‘ಮಾಸ್ತರ್ರೆ, ನೀವು ಚಿತ್ರ ತಗದೀರಿ. ಯಾವುದು ಹೇಳ್ರಿ.’

‘ನನಗ ತಿಳಿಯಂಗಿಲ್ರಿ ವೈನಿ. ಬಿಚ್ಚಿ ನೋಡ್ರಿ.’

ಅವರು ನನ್ನನ್ನು ನೋಡಿದ ರೀತಿ ನೆನಪಿದೆ. ‘ಅವರ ಲಿಂಗ ನಾ ನೋಡಲ್ಯಾ? ಮದಿವಿ ಆದಾಗಿಂದ ನೋಡಿಲ್ಲ. ಪೂಜಿಗಿ ಕುಂತ್ರ ನಾ ಬೆನ್ನ ಮಾಡಿ ನಿಲ್ಲತಿದ್ದೆ. ಇವತ್ತ ಇಲ್ಲಿ, ಮಂದ್ಯಾಗ, ಬಿಚ್ಚಲ್ಯಾ?’

ನಮ್ಮ ಕಡೆ ಅದು ಹಾಗೆಯೇ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ನೋಡುವುದೂ ಇಲ್ಲ, ಗಂಡ ಹೆಂಡಿರಾದರೂ. ಬಿಚ್ಚಬೇಕಾದ ಅಯ್ಯನವರು ಬೇವಿನ ಮರದಿಂದ ಈಚೆ ಬರುವ ಹಾಗಿರಲಿಲ್ಲ. ಬಿಳಿ ಉಡುಪಿನವನು ಮತ್ತೊಮ್ಮೆ ‘ಅವ್ವಾರ’ ಎಂದ. ವೈನಿ ಎರಡು ಅಂಗೈಯಲ್ಲಿ ಎರಡನ್ನೂ ಇಟ್ಟುಕೊಂಡು ತಕ್ಕಡಿಯ ಹಾಗೆ ತೂಗಿದರು. ಕಣ್ಣು ಮುಚ್ಚಿದ್ದರು. ಆಮೇಲೆ ಒಂದನ್ನು ಹಣೆಗೊತ್ತಿಕೊಂಡು ಕೊಟ್ಟರು. ಅವನು ಮುಚ್ಚಿದ ಕರಡಿಗೆಯನ್ನೇ ಇಳಿಸಿ, ಪ್ಲಾಸ್ಟಿಕ್ಕಿನ ಮೇಲೆ ಎದೆಯಿರುವ ಜಾಗ ಅಂದಾಜು ಮಾಡಿ ಇಟ್ಟ. ಮೇಲೆ ಪರ್ಶಿ ಹಾಸಿದರು. ಯಂತ್ರ ಮಣ್ಣು ತಳ್ಳಿತು.

ಉಳಿದ ಕರಡಿಗೆಯನ್ನು ವೈನಿ ಪಡಸಾಲೆಯಲ್ಲಿ ಗುರುಪಾದಪ್ಪನವರ ಫೋಟೋದ ಪಕ್ಕ ಒಂದು ಮೊಳೆಗೆ ತೂಗುಹಾಕಿದರು. ಎಷ್ಟೋ ತಿಂಗಳು ಅದು ಹಾಗೇ ಇತ್ತು. ರೋಗದ ಗದ್ದಲ ಇಳಿದು ರೈಲು ಬಸ್ಸು ಮೊದಲಿನಂತಾದ ಮೇಲೆ ಒಂದು ದಿನ ನನ್ನನ್ನು ಕರೆಸಿದರು.

‘ಮಾಸ್ತರ್ರೆ, ಮನಿ ಭಾಳ ಸುಮ್ಮನಾಗ್ಯಾದ. ಇದು ಟಿಕ್ ಟಿಕ್ ಅಂದ್ರ ಅವರು ಅಡ್ಡಾಡಿದಂಗ ಆಗತದ. ಕೀಲಿ ಕೊಡಾಕ ಹೋದ್ರ ಗುಬ್ಬಿ ತಿರಗವಲ್ದು, ಮುಚ್ಚಳಾನೂ ಬಿಗದು ಕುಂತದ, ಏಳವಲ್ದು. ಅಲ್ಲಾಡಿಸಿ ನೋಡಿದೆ, ಬಡದು ನೋಡಿದೆ. ವಾಡ್ಯಾಗ ಖಾಜಾಮಿಯಾ ಅದಾನಲ್ಲ, ಅವನ ಹತ್ರ ಒಯ್ರಿ.’

ಖಾಜಾಮಿಯಾನದು ವಾಡಿ ಸ್ಟೇಷನ್ನಿನ ಎದುರು ಸಣ್ಣ ಅಂಗಡಿ. ಅವನ ಅಪ್ಪ, ಅಜ್ಜ ಗಡಿಯಾರವನ್ನೇ ನಂಬಿ ಬದುಕಿದವರು. ಇವನು ಮೊಬೈಲಿನ ಕವರು ನಂಬಿ ಬದುಕುತ್ತಾನೆ, ಗಡಿಯಾರ ಬಂದರೆ ಬೇಡ ಅನ್ನುವುದಿಲ್ಲ. ಅಂಗಡಿಯ ಮುಂದಿನ ಬಾದಾಮಿ ಗಿಡದ ಎಲೆಗಳ ಮೇಲೆ ಯಾವಾಗಲೂ ಸಿಮೆಂಟ್ ಕಾರ್ಖಾನೆಯ ಬೂದು ಧೂಳು. ನಾನು ಅಂಗಿಯ ಕಿಸೆಯಿಂದ ಕರಡಿಗೆ ತೆಗೆದುಕೊಟ್ಟಾಗ ಅವನ ಮುಖ ಅರಳಿತು.

‘ಆಹಾ, ಗುರುಪಾದ ಸಾಹುಕಾರರ ಘಡಿ! ಪ್ರತಿ ವರ್ಷ ನನ್ನ ಕೈಲೆ ಜಳಕ ಮಾಡಿಸಿಕೊಂಡು ಹೋಗತಿತ್ತು ಸರ. ಭಾಳ ದಿನಾ ಆತು. ಬಾ ಅವ್ವಾ, ಏನಾಗ್ಯಾದ ನೋಡೂಣು.’

ಕಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡ. ಮುಚ್ಚಳದ ಸಂದಿಗೆ ಸಪೂರ ಉಳಿ ಇಟ್ಟು ಎಬ್ಬಿಸಿದ. ಮುಚ್ಚಳ ತೆರೆಯಿತು. ಖಾಜಾಮಿಯಾ ನಿಧಾನಕ್ಕೆ ದುರ್ಬೀನು ತೆಗೆದು ಕೆಳಗಿಟ್ಟ; ಕೈ ಚಾಚಿ ಹಾಡು ಹೇಳುತ್ತಿದ್ದ ಮೊಬೈಲನ್ನು ಬಂದ್ ಮಾಡಿದ. ಎರಡೂ ಕೈ ಮೇಜಿನಿಂದ ಹಿಂದಕ್ಕೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

‘ಸರ, ಇದು ಘಡಿ ಅಲ್ರಿ.’

ನಾನು ಬಗ್ಗಿದೆ. ಸಣ್ಣ ಬಿಳಿ ಅರಿವೆಯ ಮೇಲೆ ಕಂಥೆಯ ಕಪ್ಪು ಲೇಪ ಹೊದ್ದ ಲಿಂಗ ಕೂತಿತ್ತು. ಬಲಗಡೆ, ಹೆಬ್ಬೆರಳು ತಾಗುವ ಕಡೆ, ಸ್ವಲ್ಪ ಸವೆದು ಹೊಳೆಯುತ್ತಿತ್ತು. ಅದರ ಸುತ್ತ ಸ್ಕ್ರೂ, ಸೆಲ್ಲು, ಮೊಬೈಲಿನ ಒಡೆದ ಗಾಜು.

ಹೊರಗೆ ಸ್ಟೇಷನ್ನಿನಲ್ಲಿ ಯಾವುದೋ ಗಾಡಿ ಬಂತೆಂದು ಹೇಳುತ್ತಿದ್ದರು.

‘ನಾ ಮುಟ್ಟಬಹುದೇನ್ರಿ ಸರ?’ ಖಾಜಾಮಿಯಾ ಪಿಸುಗುಟ್ಟಿದ.

‘ಇನ್ನೊಬ್ಬರ ಲಿಂಗ ನಾನೂ ಮುಟ್ಟಂಗಿಲ್ಲ.’

‘ಹಂಗಾದ್ರ ಮುಚ್ಚಾವ್ರು ಯಾರ್ರಿ?’

ಇಬ್ಬರು ಮುದುಕರು, ಮುಟ್ಟಲಾಗದ ಒಂದು ವಸ್ತುವಿನ ಎದುರು ಕೈಕಟ್ಟಿ ಕೂತಿದ್ದೆವು. ಬೇರೆ ಯಾವ ಹೊತ್ತಿನಲ್ಲಾದರೂ ನಗು ಬರುತ್ತಿತ್ತು. ಕೊನೆಗೆ ಅವನು ಎದ್ದು ಹೋಗಿ ಕೈ ತೊಳೆದು ಬಂದು, ಹೊಸ ಚಿಮಟಿಗೆಯ ಪೊಟ್ಟಣ ಒಡೆದು, ಲಿಂಗಕ್ಕೆ ತಾಗದಂತೆ ಮುಚ್ಚಳದ ಅಂಚು ಮಾತ್ರ ಹಿಡಿದು ಮುಚ್ಚಿದ. ಅವನ ಹಣೆಯ ಬೆವರು ಕೆನ್ನೆಗಿಳಿದಿತ್ತು.

‘ಅಂದ್ರ... ಘಡಿ ಸಾಹುಕಾರರ ಸಂಗಾಟ...’ ಎಂದು ನಿಲ್ಲಿಸಿದ. ನಾನು ತಲೆಯಾಡಿಸಿದೆ.

‘ಸರ, ನಾ ಬಾಯಿ ಬಿಡಂಗಿಲ್ಲ, ನನ್ನ ಮಕ್ಕಳಾಣಿ. ಘಡಿ ಖರಾಬ್ ಆಗ್ಯಾದ, ಇನ್ನ ನಡಿಯಂಗಿಲ್ಲ ಅಂತ ಹೇಳಿಬಿಡ್ರಿ. ಅವ್ವಾರು ಇದನ್ನ ತಡಕೋಂಗಿಲ್ಲ.’

ವಾಡಿಯಿಂದ ಶಹಾಬಾದಕ್ಕೆ ದೂರವೇನೂ ಇಲ್ಲ. ಪ್ಯಾಸೆಂಜರಿನಲ್ಲಿ ಕೂತು, ಹೋಗುವಾಗ ಕಿಸೆಯಲ್ಲಿ ಹಾಕಿಕೊಂಡು ಹೋದದ್ದನ್ನು ಬರುವಾಗ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದೆ. ಖಾಜಾಮಿಯಾನ ಮಾತನ್ನೇ ಯೋಚಿಸಿದೆ. ಸುಳ್ಳು ಹೇಳಿದರೆ ಆ ಹೆಂಗಸಿಗೆ ನಿದ್ದೆ ಉಳಿಯುತ್ತದೆ. ಆದರೆ ಲಿಂಗ ಮತ್ತೆ ಮೊಳೆಗೆ ಹೋಗುತ್ತದೆ. ನೀರಿಲ್ಲ, ವಿಭೂತಿಯಿಲ್ಲ, ಕೆಟ್ಟ ಗಡಿಯಾರದ ಹಾಗೆ ತೂಗುತ್ತಿರುತ್ತದೆ. ಗುರುಪಾದಪ್ಪ ಅದನ್ನು ಮೇಜಿಗೆ ಕೂಡ ಇಳಿಸಿದವರಲ್ಲ. ಮನೆಗೆ ಹೋಗಿ ಹೇಳಿದೆ.

ವೈನಿ ಅಳಲಿಲ್ಲ. ಕರಡಿಗೆಯನ್ನು ಸೆರಗಿನಲ್ಲಿ ಇಸಿದುಕೊಂಡರು. ಗೋಡೆಯ ಮೊಳೆಯನ್ನು ನೋಡಿದರು.

‘ಅಲ್ಲಾಡಿಸಿದ್ನಲ್ಲೋ ಯಪ್ಪಾ’ ಎಂದರು. ‘ಬಡದು ನೋಡಿದ್ನಲ್ಲೋ.’

ಕರಡಿಗೆಯ ಮೇಲೆ ಅಂಗೈ ಮುಚ್ಚಿ, ‘ಎರಡನ್ನೂ ತೂಗಿದೆ ಮಾಸ್ತರ್ರೆ. ಒಂದು ಜರಾ ಭಾರ ಇತ್ತು. ದೇವರು ಭಾರ ಇರತಾನಂತ ತಿಳಕೊಂಡೆ’ ಎಂದರು.

ಮಾರನೆಯ ದಿನ ಅಯ್ಯನವರು ಬಂದರು. ಒಳ್ಳೆಯವರು. ಸಮಾಧಾನದ ಮಾತು ಹೇಳಿದರು. ‘ತಂಗಿ, ಹೊರಗಿನ ಲಿಂಗ ಖಾಲಿ ಕುರುಹು. ಖರೇ ಲಿಂಗ ಅವರ ಒಳಗs ಇತ್ತು. ಅದು ಬೈಲಾಗ ಬೈಲಾಗ್ಯಾದ. ಮನಸ್ಸಿಗಿ ಹಚ್ಚಿಕೋಬ್ಯಾಡ.’

ವೈನಿ ಕೈಮುಗಿದೇ ಕೇಳಿದರು, ‘ಹಂಗಿದ್ರ ಅಯ್ಯನೋರೆ, ನಿಮ್ಮ ಕೊಳ್ಳಾಗಿಂದು ಬಿಚ್ಚಿ ಒಂದಿನ ಆ ಮೊಳಿಗಿ ಹಾಕ್ರಿ, ನೋಡೂಣು.’

ಅಯ್ಯನವರ ಕೈ ತಾನಾಗಿ ಎದೆಗೆ ಹೋಯಿತು. ಚಹಾ ಆರಿತು.

ಶರಣು ಕುಣಿ ತೆಗೆಸೋಣ ಎಂದ. ಅಡ್ಡೆಯ ಆಳುಗಳಿದ್ದಾರೆ, ಕಲ್ಲು ಎತ್ತುವುದು ನಮಗೆ ಹೊಸದೇನಲ್ಲ ಎಂದ. ಆಳುಗಳನ್ನು ಕರೆಯುವ ಮೊದಲು ವೈನಿ, ಶರಣು, ಅಯ್ಯನವರು, ನಾನು, ನಾಲ್ಕೇ ಜನ ಹೋದೆವು. ಆ ಸಾಲುಗಳ ಮೇಲೆ ಅಷ್ಟರಲ್ಲಿ ಹುಲ್ಲು ಬಂದಿತ್ತು. ಕುಣಿಗೂ ಕುಣಿಗೂ ನಡುವೆ ಮೊಳದಷ್ಟೂ ಜಾಗವಿರಲಿಲ್ಲ. ಗುರುಪಾದಪ್ಪನವರ ಈ ಬದಿಗೆ ಯಾರೋ, ಆ ಬದಿಗೆ ಯಾರೋ. ಶರಣು ತಲೆಯ ಕಡೆ ಮಣ್ಣು ಸರಿಸಿದ. ಸ್ವಲ್ಪ ಆಳಕ್ಕೇ ಪರ್ಶಿ ಸಿಕ್ಕಿತು. ಹಾರೆಯಿಂದ ಮೀಟಿದಾಗ ಪಕ್ಕದ ಕುಣಿಯ ಮಣ್ಣು ಸಡಿಲವಾಗಿ ಜರಿದು ಬಂತು.

‘ಸಾಕು’ ಎಂದರು ವೈನಿ. ‘ನಮ್ಮ ಮನಿ ಕದಾ ತಗಿಯಾಕ ಹೋಗಿ ಬಾಜೂಕಿನವರ ಗ್ವಾಡಿ ಕೆಡವಬ್ಯಾಡ. ಅವರೂ ಯಾರರ ಮನಿಯವರs.’

‘ಹಂಗಾದ್ರ ಈ ಕಲ್ಲಿನ ಮ್ಯಾಲೆ ಇಟ್ಟು ಮುಚ್ಚೂಣೇನವ್ವ?’ ಶರಣು ಕೇಳಿದ. ಅಯ್ಯನವರೂ ಅದು ನಡೆಯುತ್ತದೆ ಎಂದರು. ವೈನಿ ಮೊಣಕಾಲೂರಿ ಕೂತು ಪರ್ಶಿಯ ಮೇಲೆ ಅಂಗೈ ಇಟ್ಟು ನೋಡಿದರು. ಬೆಳಗಿನ ಹೊತ್ತು, ಕಲ್ಲು ತಣ್ಣಗಿದ್ದಿರಬೇಕು.

‘ಅವರ ಕೈಗಿ ಮುಟ್ಟಂಗಿಲ್ಲ ಇದು’ ಎಂದು ಎದ್ದರು. ಶರಣು ಅಳುತ್ತ ಮಣ್ಣು ಎಳೆದು ಮುಚ್ಚಿದ.

ಅಂದಿನಿಂದ ಮಾದೇವಿ ವೈನಿ ಎರಡು ಲಿಂಗ ಕಟ್ಟುತ್ತಾರೆ, ತಮ್ಮದೊಂದು, ಗಂಡನದೊಂದು. ಬೆಳಿಗ್ಗೆ ಎರಡಕ್ಕೂ ನೀರು, ವಿಭೂತಿ. ಓಣಿಯ ಹೆಂಗಸರು ‘ಒಂದಕ್ಕs ನಮಗ ಪುರುಸೊತ್ತಿಲ್ಲ, ಮಾದೇವಕ್ಕ ಎರಡು ಸಾಕ್ಯಾಳ’ ಎಂದರೆ, ‘ಇದ್ದಾಗೂ ಅವರ ಕೆಲಸ ಅರ್ಧ ನಾನs ಮಾಡತಿದ್ದೆ’ ಎಂದು ಅವರ ಬಾಯಿ ಮುಚ್ಚಿಸುತ್ತಾರೆ. ಆದರೆ ಮೈ ಇಳಿದು ಹೋಯಿತು. ಊಟದ ನಡುವೆ ಕೈ ಎದೆಗೆ ಹೋಗಿ ಎರಡನ್ನೂ ಮುಟ್ಟಿ ಮುಟ್ಟಿ ನೋಡುತ್ತದೆ.

ಕಳೆದ ವರ್ಷ ಅವರಿಗೆ ಎದೆನೋವು ಬಂತು. ಡಾಕ್ಟರು ಹುಷಾರು ಎಂದರು. ನೋಡಲು ಹೋದೆ. ಶರಣುವನ್ನು ಔಷಧಿಗೆ ಕಳಿಸಿ, ಬಾಗಿಲು ಮುಂದಕ್ಕೆಳೆದು, ನನ್ನೆದುರು ಚಾಪೆಯ ಮೇಲೆ ಕೂತರು.

‘ಮಾಸ್ತರ್ರೆ, ನಾಳಿ ನಾ ಹೋದ್ರ ಇವನ ಕೈಯಾಗ ಎರಡು ಇರತಾವ. ಕರಡಿಗಿ ನಂಬಿ ಒಮ್ಮೆ ಕೆಟ್ಟೀನಿ, ಲಿಂಗದ ಗುರುತs ಬೇಕು. ಇವ ಎಂದೂ ನೋಡಿಲ್ಲ. ನೋಡು ಅಂದ್ರ ಹೆದರತಾನ. ನಿಮ್ಮ ಕಣ್ಣು ಗೆರಿ ಹಿಡಿಯೋ ಕಣ್ಣು. ನೀವು ನೋಡ್ರಿ.’

‘ವೈನಿ, ನಾನು ಹೆಂಗ...’

‘ನೋಡ್ರಿ. ಬಿಚ್ಚಬಾರದು, ನೋಡಬಾರದು ಅಂತ ನಿಂತಿದ್ದಕ್ಕs ಅವರು ಬರಿಗೈಲೆ ಹೋದ್ರು.’

ಮೊದಲು ಕಮಲದ ಮುಚ್ಚಳ ತೆಗೆದರು. ಆಮೇಲೆ ತಮ್ಮದು, ಕೆತ್ತನೆಯಿಲ್ಲದ ಸಾದಾ ಕರಡಿಗೆ. ಎರಡು ಲಿಂಗಗಳನ್ನೂ ಎಡ ಅಂಗೈಯಲ್ಲಿ ಅಕ್ಕಪಕ್ಕ ಇಟ್ಟು ನನ್ನ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಪರಪುರುಷನ ಎದುರು ಹೀಗೆ ಹಿಡಿಯುವುದು ಅವರಿಗೆ ಏನೆಂದು ನನಗೆ ಗೊತ್ತಿತ್ತು. ಮುಖ ಗೋಡೆಯ ಕಡೆ ತಿರುಗಿಸಿದ್ದರು. ನಾನು ನೋಡಿದೆ. ಇಡೀ ಬದುಕಿನಲ್ಲಿ ಅಷ್ಟು ಜಾಗ್ರತೆಯಿಂದ ಏನನ್ನೂ ನೋಡಿಲ್ಲ. ಅವರದು ಚಿಕ್ಕದು, ತಳದಲ್ಲಿ ಕಂಥೆ ಸೀಳಿದ ಕೂದಲೆಳೆಯಂಥ ಗೆರೆ. ಗುರುಪಾದಪ್ಪನವರದು ಗುಂಡಗೆ, ಬಲಬದಿ ಸವೆದದ್ದು.

‘ಫರಕ್ ಅದ ಏನ್ರಿ?’ ಗೋಡೆ ನೋಡುತ್ತಲೇ ಕೇಳಿದರು.

‘ಅದರಿ. ಭಾಳ ಫರಕ್ ಅದ.’

‘ಹಂಗಾದ್ರ ಕೇಳ್ರಿ. ನಂದು ಎಡಗೈಯಾಗ. ಅವರದು ಬಲಗೈಯಾಗ. ನಾನs ಒಯ್ದು ಮುಟ್ಟಸ್ತೀನಿ. ಸಿಕ್ಕರ ಕೊಡತೀನಿ, ಸಿಗಲಿಲ್ಲಂದ್ರ ಹಿಡಕೊಂಡು ಕುಂದ್ರತೀನಿ.’

‘ನಾನು ಮೊದಲ ಹೋದ್ರ ವೈನಿ?’

‘ಹೋಗೋ ಮೊದಲ ಯಾರಿಗರ ಹೇಳಿ ಹೋಗ್ರಿ. ಸುಮ್ಮ ಹೋಗಬ್ಯಾಡ್ರಿ, ಅವರ ಹಂಗ’ ಎಂದು ಕಣ್ಣೊರೆಸಿಕೊಂಡು ಮುಚ್ಚಳ ಹಾಕಿದರು.

ಮನೆಗೆ ಬಂದೆ. ಹೆಂಡತಿ ದೇವರ ಕೋಣೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಪಕ್ಕದಲ್ಲಿ ಕೂತು ಅಂಗಿಯ ಗುಂಡಿ ತೆಗೆದೆ, ಶಿವದಾರ ಮೇಲೆಳೆದೆ, ಕರಡಿಗೆಯ ಮುಚ್ಚಳ ಬಿಚ್ಚಿ ಅವಳ ಮುಂದೆ ಅಂಗೈ ಚಾಚಿದೆ. ಅವಳು ಬತ್ತಿ ಬಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು.

‘ಶಿವ ಶಿವಾ! ಏನ್ ಮಾಡಾಕತ್ತೀರಿ? ತಲಿ ಕೆಟ್ಟದೇನು? ಮುಚ್ಚರಿ ಮೊದಲ.’

‘ನೋಡು’ ಎಂದೆ. ‘ಒಂದs ಸಲ ನೋಡಿಬಿಡು.’

ನನ್ನ ಅಂಗೈ ಚಾಚಿದ ಹಾಗೆಯೇ ಇತ್ತು. ಬಹಳ ಹೊತ್ತಿನ ಮೇಲೆ ಸೆರಗು ನಿಧಾನಕ್ಕೆ ಕೆಳಗಿಳಿಯಿತು.